ಮನೆಯಲ್ಲೇ ಕೂರಬೇಕಾದಾಗ ಪೂಜೆ, ಸಂಗೀತ ಕಛೇರಿ ಎಲ್ಲಿ ನೋಡೋದು: ಟಿವಿನಾ, ಯೂಟ್ಯೂಬಾ, ಜೂಮಾ, ರೇಡಿಯೋನಾ?

ಮೊದಲೇ ಹೇಳ್ಬಿಡ್ತೀನಿ, ಇದು ಬರೀ ಕೊರೊನಾ ಕಾಲದ ವಿಷಯ ಅಲ್ಲ. 2020ರ ಮಾರ್ಚ್‌ನಲ್ಲಿ ಗುಡಿ, ಚರ್ಚು, ಮಸೀದಿ, ಸಭಾಭವನ ಎಲ್ಲಾ ಒಟ್ಟಿಗೇ ಬಾಗಿಲು ಹಾಕ್ದಾಗ ನಮಗೆಲ್ಲ ಆನ್‌ಲೈನ್ ಪೂಜೆ, ಆನ್‌ಲೈನ್ ಕಛೇರಿ ಅಭ್ಯಾಸ ಆಗಿದ್ದು ನಿಜ, ಆದ್ರೆ ಮಂಡಿ ಆಪರೇಷನ್ ಆಗಿ ಮಲಗಿರೋರು, ಬಾಣಂತಿಯರು, ಕೀಮೋ ನಡೀತಿರೋರು, ಅವರನ್ನ ನೋಡ್ಕೊಳ್ತಾ ಹೊಸಿಲು ದಾಟಕ್ಕಾಗದೇ ಇರೋರು, ಚಳಿಗಾಲದಲ್ಲಿ ಮಿನೆಸೋಟಾದಲ್ಲೋ ಟೊರಾಂಟೋದಲ್ಲೋ ಮಕ್ಕಳ ಮನೇಲಿ ಸಿಕ್ಕಾಕೊಂಡಿರೋ ಅಪ್ಪ ಅಮ್ಮಂದಿರು, ಇವರಿಗೆಲ್ಲ ಲಾಕ್‌ಡೌನ್ ಮುಗಿದೇ ಇಲ್ಲ ಅನ್ನಿ. ನನಗೆ ನೆಂಟರಿಂದ ಫೋನ್ ಬರ್ತಾನೇ ಇರತ್ತೆ, ‘ನಮ್ಮತ್ತೆಗೆ ಏನಾದ್ರೂ ಹಾಕ್ಕೊಡು, ಬೆಳಗ್ಗೆ ಇಂದ ಗೋಡೆ ನೋಡ್ತಾ ಕೂತಿರ್ತಾರೆ’ ಅಂತ. ಆ ಫೋನ್ ಕಾಲ್‌ಗಳಿಗೆ ಕೊಡೋ ಉತ್ತರಾನೇ ಒಂದು ಕಡೆ ಬರೆದಿಡ್ತಿದೀನಿ.

ಯಾವ ಚಾನೆಲ್ಲು ಯಾವ ಆ್ಯಪು ಅಂತ ಕೇಳೋಕೆ ಮುಂಚೆ ಆ ಮನುಷ್ಯರಿಗೆ ಕಮ್ಮಿ ಬಿದ್ದಿರೋದು ಏನು ಅಂತ ನೋಡಿ. ಕೆಲವರಿಗೆ ದೇವರ ಮುಖ ನೋಡ್ಬೇಕು, ಅಲಂಕಾರ ಕಾಣ್ಬೇಕು, ಮಂಗಳಾರತಿ ಆಗ್ಬೇಕು, ಅಷ್ಟಾದ್ರೆ ಸಾಕು. ಕೆಲವರಿಗೆ ಕಿವಿಗೆ ಏನಾದ್ರೂ ಬೀಳ್ತಾ ಇರ್ಬೇಕು, ನೋಡೋದು ಬೇಕಾಗಿಲ್ಲ. ಇನ್ನು ಬಹಳ ಜನಕ್ಕೆ, ಅವರು ಬಾಯಿಬಿಟ್ಟು ಹೇಳದೇ ಇದ್ರೂ, ಕಮ್ಮಿ ಬಿದ್ದಿರೋದು ದೇವರೂ ಅಲ್ಲ ಹಾಡೂ ಅಲ್ಲ, ಗುರುವಾರ ಮಠದಲ್ಲಿ ಪಕ್ಕದಲ್ಲಿ ಕೂರ್ತಿದ್ದ ಹೆಂಗಸು, ಭಜನಾ ಮಂಡಳೀಲಿ ‘ಯಾಕ್ರೀ ಹೋದ್ವಾರ ಬರ್ಲಿಲ್ಲ’ ಅಂತ ಕೇಳ್ತಿದ್ದೋರು. ಈ ಮೂರನೇ ಥರದೋರಿಗೆ ನೀವು ಎಷ್ಟೇ ದೊಡ್ಡ ಟಿವಿ ತಂದು ತಿರುಪತಿ ತೋರಿಸಿದ್ರೂ ಹತ್ತು ನಿಮಿಷಕ್ಕೆ ನಿದ್ದೆ ಹೋಗ್ತಾರೆ. ನನ್ನ ಲೆಕ್ಕದಲ್ಲಿ ಆಯ್ಕೆ ಮಾಡೋಕೆ ಇರೋ ದೊಡ್ಡ ಪ್ರಶ್ನೆ ಒಂದೇ: ನಾನು ಇವತ್ತು ಬರ್ಲಿಲ್ಲ ಅಂದ್ರೆ ಆ ಕಡೆ ಯಾರಿಗಾದ್ರೂ ಗೊತ್ತಾಗತ್ತಾ? ವಾರದಲ್ಲಿ ಒಂದಾದ್ರೂ ‘ಹೌದು’ ಅನ್ನೋ ಥರದ್ದು ಇರ್ಬೇಕು, ಮಿಕ್ಕಿದ್ದು ಏನಿದ್ರೂ ನಡಿಯತ್ತೆ.

ದರ್ಶನಕ್ಕೆ: ಟಿವಿ ಮತ್ತು ದೇವಸ್ಥಾನದ ಲೈವ್

ವಯಸ್ಸಾದೋರಿಗೆ ಟಿವಿಗಿಂತ ಸುಲಭ ಬೇರೆ ಯಾವುದೂ ಇಲ್ಲ, ಇದರಲ್ಲಿ ವಾದವೇ ಬೇಡ. ರಿಮೋಟಲ್ಲಿ ಒಂದು ನಂಬರ್ ಒತ್ತಿದ್ರೆ ಬರತ್ತೆ, ಲಿಂಕು ಪಾಸ್‌ವರ್ಡು ಕಾಟ ಇಲ್ಲ. ತಿರುಮಲ ದೇವಸ್ಥಾನದ್ದೇ ಚಾನೆಲ್ ಎಸ್‌ವಿಬಿಸಿ 2008ರಿಂದ ಇದೆ, ಅದರದ್ದೇ ಕನ್ನಡ ಚಾನೆಲ್ 2021ರಲ್ಲಿ ಶುರುವಾಯ್ತು, ಹಾಗಾಗಿ ಕಾಮೆಂಟರಿ ತೆಲುಗಲ್ಲಿ ಬರತ್ತೆ ಅರ್ಥ ಆಗಲ್ಲ ಅನ್ನೋ ಹಳೇ ದೂರು ಈಗ ಇಲ್ಲ. ಶ್ರೀ ಶಂಕರ ಟಿವಿ ನಮ್ಮ ಬೆಂಗಳೂರಿನದ್ದೇ. ದೂರದರ್ಶನ ಚಂದನ ಅಂತೂ ಇದ್ದೇ ಇದೆ, 2020ರ ದಸರಾಗೆ ಜಂಬೂಸವಾರಿ ಅರಮನೆ ಆವರಣ ಬಿಟ್ಟು ಹೊರಗೆ ಬರ್ಲಿಲ್ಲ, ಒಳಗೆ ಕೆಲವೇ ನೂರು ಜನ, ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತಿದ್ದನ್ನ ಮೈಸೂರಿನವರೇ ಟಿವೀಲಿ ನೋಡಿದ್ರು. ಬನ್ನಿಮಂಟಪದ ದಾರೀಲಿ ಮನೆ ಇರೋರು ಕೂಡ!

ಆದ್ರೆ ಟಿವೀಲಿ ಏನು ಕಾಣತ್ತೆ ಏನು ಕಾಣಲ್ಲ ಅನ್ನೋದು ಮೊದಲೇ ಗೊತ್ತಿದ್ರೆ ಒಳ್ಳೇದು. ತಿರುಮಲದಲ್ಲಿ ಮೂಲವಿಗ್ರಹನ ಕ್ಯಾಮೆರಾಗೆ ತೋರಿಸಲ್ಲ. ಮಧ್ಯಾಹ್ನದ ಕಲ್ಯಾಣೋತ್ಸವದಲ್ಲಿ ನೀವು ನೋಡೋದು ಉತ್ಸವಮೂರ್ತಿ ಮಲಯಪ್ಪಸ್ವಾಮಿ, ಶ್ರೀದೇವಿ ಭೂದೇವಿ ಜೊತೆ. ಸಂಜೆ ಸಹಸ್ರದೀಪಾಲಂಕಾರ ಸೇವೆ ಬಹಳ ಚೆನ್ನಾಗಿ ಕಾಣತ್ತೆ, ಉಯ್ಯಾಲೆ ತೂಗೋದು, ಮುಂದೆ ಅನ್ನಮಾಚಾರ್ಯರ ಕೀರ್ತನೆ, ಪೂಜೆ ಸಂಗೀತ ಎರಡೂ ಒಂದೇ ಕಡೆ ಬೇಕು ಅನ್ನೋರಿಗೆ ನಾನು ಮೊದಲು ಹೇಳೋದು ಅದನ್ನೇ. ‘ನನಗೆ ಗರ್ಭಗುಡೀನೇ ನೋಡ್ಬೇಕು’ ಅನ್ನೋ ಹಟದೋರಿಗೆ ಅದು ಹಿಡಿಸಲ್ಲ, ಅವರಿಗೆ ಶಿರಡಿಯ ಲೈವ್ ದರ್ಶನ ಹಾಕ್ಕೊಡಿ, ಅಲ್ಲಿ ಸಮಾಧಿ ಮಂದಿರದ ಒಳಗೇ ಕ್ಯಾಮೆರಾ ಇದೆ, ಮಂದಿರ ತೆರೆದಿರೋ ಯಾವ ಹೊತ್ತಲ್ಲಿ ಹಾಕಿದ್ರೂ ಬಾಬಾ ಮುಖ ಕಾಣತ್ತೆ. ನಮ್ಮ ಕಡೆ ಎಷ್ಟೋ ಗುಡಿಗಳಲ್ಲಿ ಒಳಗೆ ಫೋಟೋ ತೆಗಿಯೋ ಹಾಗೇ ಇಲ್ಲ, ಅದನ್ನ ಗೌರವಿಸ್ಬೇಕು, ಯಾರೋ ಕದ್ದು ತೆಗೆದು ಹಾಕಿರೋ ವಿಡಿಯೋ ಹುಡುಕ್ತಾ ಕೂರೋದು ಬೇಡ. ಉಡುಪಿ ವಿಷಯದಲ್ಲಿ ನಮ್ಮ ದೊಡ್ಡಪ್ಪ ಹೇಳೋದು ಬೇರೆ, ‘ಅಲ್ಲಿಗೆ ಹೋದ್ರೂ ಒಂಬತ್ತು ತೂತಿನ ಕಿಂಡೀಲೇ ಕೃಷ್ಣನ್ನ ನೋಡ್ಬೇಕಲ್ಲಯ್ಯಾ, ಫೋನು ಹತ್ತನೇದು ಅಂದ್ಕೊ’.

ದೊಡ್ಡ ಚಾನೆಲ್ಲಿಗೂ ಸಣ್ಣ ಗುಡಿಯ ಲೈವ್‌ಗೂ ಹೋಲಿಸಿದ್ರೆ ನಾನು ಯಾವತ್ತೂ ಸಣ್ಣದ್ದರ ಕಡೆ. ಶೃಂಗೇರಿಯ ನವರಾತ್ರಿ, ಮಂತ್ರಾಲಯದ ಆರಾಧನೆ (ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ ಮೂರೂ ದಿನ, 2021ರಲ್ಲಿ 350ನೇದು ನಡೀತು), ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರೋ ಉಡುಪಿ ಪರ್ಯಾಯ, ಇವೆಲ್ಲ ಒಳ್ಳೇ ಕ್ಯಾಮೆರಾ ಒಳ್ಳೇ ಸೌಂಡಲ್ಲಿ ಬರತ್ತೆ, ಹಬ್ಬದ ದಿನಕ್ಕೆ ಅವೇ ಸರಿ. ಆದ್ರೆ ದಿನಾ ನೋಡೋಕೆ ನಿಮ್ಮ ಬಡಾವಣೆ ಗಣಪತಿ ಗುಡಿಯ ಅರ್ಚಕರು ಫೋನನ್ನ ಕಂಬಕ್ಕೆ ಕಟ್ಟಿ ಫೇಸ್‌ಬುಕ್ಕಲ್ಲಿ ಹಾಕೋ ಅಲ್ಲಾಡೋ ವಿಡಿಯೋನೇ ಮೇಲು. ಅಲ್ಲಿ ಗಂಟೆ ಹೊಡೆಯೋ ಹುಡುಗ ಯಾರು ಅಂತ ಗೊತ್ತು, ಆ ದಿನ ಯಾರ ಮನೆಯಿಂದ ಹೂವಿನ ಸೇವೆ ಅಂತ ಗೊತ್ತು, ಕೆಳಗೆ ಕಾಮೆಂಟಲ್ಲಿ ‘ನಮಸ್ಕಾರ ಸ್ವಾಮಿ’ ಅಂತ ಹಾಕಿದ್ರೆ ಅವರು ಪೂಜೆ ಮುಗಿಸಿ ‘ಕಾಲು ಹೇಗಿದೆ ಅಮ್ಮಾ’ ಅಂತ ಬರೀತಾರೆ. ನಿಮ್ಮ ಗುಡೀಲಿ ಇಂಥದ್ದಿಲ್ಲ ಅಂದ್ರೆ ಕೇಳಿ ನೋಡಿ, ಅರ್ಚಕರ ಮನೇಲಿ ಒಬ್ಬ ಕಾಲೇಜು ಹುಡುಗ ಇದ್ದೇ ಇರ್ತಾನೆ, ಶುಕ್ರವಾರ ಒಂದು ದಿನ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ ಮಂಗಳಾರತಿ ತೋರ್ಸು ಅಂದ್ರೆ ಯಾರೂ ಇಲ್ಲ ಅನ್ನಲ್ಲ.

ಹೊರದೇಶದಲ್ಲಿ ಇರೋರಿಗೆ ಒಂದು ಕಿವಿಮಾತು, ಟೈಮ್ ಲೆಕ್ಕ ಹಾಕ್ಕೊಂಡು ಆರಿಸಿ. ಇಲ್ಲಿನ ಬೆಳಗಿನ 6 ಗಂಟೆ ಪೂಜೆ ಅಮೆರಿಕದ ಪೂರ್ವ ಭಾಗದೋರಿಗೆ ಬೇಸಿಗೇಲಿ ಹಿಂದಿನ ರಾತ್ರಿ 8.30, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5.30, ಅಂದ್ರೆ ದೀಪ ಹಚ್ಚೋ ಹೊತ್ತು, ಸರಿಯಾಗಿ ಕೂರತ್ತೆ. ಇಲ್ಲಿನ ಸಂಜೆ 6ರ ಕಛೇರಿ ಅಂದ್ರೆ ಅಲ್ಲಿ ಬೆಳಗ್ಗೆ, ಕಾಫಿ ಜೊತೆ ಕೇಳಬಹುದು, ಆದ್ರೆ ಆಫೀಸ್ ಇರೋರಿಗೆ ಶನಿವಾರ ಭಾನುವಾರ ಮಾತ್ರ. ದುಬೈಯೋರಿಗೆ ಇದ್ಯಾವ ತಲೆನೋವೂ ಇಲ್ಲ, ಒಂದೂವರೆ ಗಂಟೆ ಅಷ್ಟೇ ವ್ಯತ್ಯಾಸ.

ನೋಡೋದಾ, ಸೇವೆ ಮಾಡಿಸೋದಾ

ನೋಡೋದು ಬಿಟ್ಟಿ. ಹೆಸರು ಗೋತ್ರ ನಕ್ಷತ್ರ ಹೇಳಿ ಸಂಕಲ್ಪ ಮಾಡಿಸ್ಬೇಕು ಅಂದ್ರೆ ರಸೀದಿ. ಇದು ಹೊಸದೂ ಅಲ್ಲ, ನಮ್ಮ ಅಜ್ಜನ ಕಾಲದಲ್ಲಿ ಮನಿಆರ್ಡರ್ ಕಳಿಸಿದ್ರೆ ಅಂಚೆ ಕವರಲ್ಲಿ ಕುಂಕುಮ, ಒಣಗಿದ ಹೂವಿನ ಎಸಳು ಬರ್ತಿತ್ತಲ್ಲ, ಅದೇ ಈಗ ಯುಪಿಐಗೆ ಬಂದಿದೆ. 2020ರಲ್ಲಿ ಗುಡಿ ಮುಚ್ಚಿದ್ದಾಗ ಮುಜರಾಯಿ ಇಲಾಖೆ ದೊಡ್ಡ ದೇವಸ್ಥಾನಗಳಿಗೆ ಆನ್‌ಲೈನ್ ಸೇವೆ ಶುರು ಮಾಡ್ತು, ತಿರುಮಲದಲ್ಲೂ ಅದೇ ವರ್ಷ ಆನ್‌ಲೈನ್ ಕಲ್ಯಾಣೋತ್ಸವ ಬಂತು, ನೀವು ಮನೇಲಿ ಪಂಚೆ ಉಟ್ಕೊಂಡು ಟಿವಿ ಮುಂದೆ ಕೂತು ಅರ್ಚಕರು ಹೇಳ್ದಾಗ ನಿಮ್ಮ ಗೋತ್ರ ನೀವೇ ಹೇಳ್ಕೋಬೇಕು. ಇದನ್ನ ಕೇಳಿ ನಗೋರೂ ಇದಾರೆ. ಆದ್ರೆ ಬರೀ ನೋಡೋದಕ್ಕೂ, ಎದ್ದು ಸ್ನಾನ ಮಾಡಿ ಒಂದು ಟೈಮಿಗೆ ಸಿದ್ಧವಾಗಿ ಕೂರೋದಕ್ಕೂ ಬಹಳ ಫರಕಿದೆ, ಅದರಲ್ಲೂ ದಿನವಿಡೀ ನೈಟೀಲೇ ಇರೋ ಅಭ್ಯಾಸ ಆಗ್ಬಿಟ್ಟಿರೋ ರೋಗಿಗಳಿಗೆ.

ಇಲ್ಲಿ ಮೋಸ ಜಾಸ್ತಿ, ಹುಷಾರು. ಗೂಗಲಲ್ಲಿ ದೇವಸ್ಥಾನದ ಹೆಸರು ಹಾಕಿ ‘ಆನ್‌ಲೈನ್ ಪೂಜೆ’ ಅಂತ ಹುಡುಕಿದ್ರೆ ಮೊದಲು ಬರೋದು ಜಾಹೀರಾತು, ಅದು ದೇವಸ್ಥಾನದ್ದೇ ಆಗಿರ್ಬೇಕು ಅಂತೇನಿಲ್ಲ. ಸರ್ಕಾರದ ಸುಪರ್ದಿಯ ಗುಡಿ ಆದ್ರೆ ವಿಳಾಸದ ಕೊನೇಲಿ ಗವ್ ಡಾಟ್ ಇನ್ (gov.in) ಅಥವಾ ನಿಕ್ ಡಾಟ್ ಇನ್ (nic.in) ಇದೆಯಾ ನೋಡಿ, ಮಠದ ಗುಡಿಗಳಿಗೆ ಈ ಗುರುತು ಇರಲ್ಲ, ಆಗ ದೇವಸ್ಥಾನದ ಆಫೀಸಿಗೆ ಒಂದು ಫೋನ್ ಮಾಡಿ ವಿಳಾಸ ಕೇಳ್ಕೊಳ್ಳಿ. ಯಾರದೋ ವೈಯಕ್ತಿಕ ನಂಬರಿಗೆ ಯುಪಿಐ ಮಾಡಿ ಅಂದ್ರೆ ಮಾಡ್ಬೇಡಿ. ‘ಗ್ರಹದೋಷಕ್ಕೆ ವಿಶೇಷ ಹೋಮ, ಮೂರು ದಿನ ಆಫರ್’ ಅನ್ನೋರ ಹತ್ರ ಅಂತೂ ಹೋಗ್ಲೇಬೇಡಿ, ಕಾಯಿಲೆ ಬಿದ್ದು ಒಬ್ಬರೇ ಇರೋರನ್ನೇ ಅವರು ಹಿಡಿಯೋದು.

ಬೇರೆ ಮತಗಳಲ್ಲಿ ಲೆಕ್ಕ ಬೇರೆ

ನಮ್ಮ ಬೀದೀಲಿ ಮೂರು ಮತದೋರೂ ಇದೀವಿ, ಹಾಗಾಗಿ ಇದನ್ನ ಕೇಳಿ ತಿಳ್ಕೊಂಡಿದ್ದು. ಕ್ಯಾಥೊಲಿಕರಿಗೆ ಆನ್‌ಲೈನ್ ಬಲಿಪೂಜೆ (ಚರ್ಚಿನ ಮಾಸ್) ಸುಲಭವಾಗಿ ಸಿಗತ್ತೆ, ಕನ್ನಡ, ಕೊಂಕಣಿ, ಇಂಗ್ಲಿಷ್, ತಮಿಳು ಎಲ್ಲಾ ಭಾಷೇಲೂ. ಪರಮಪ್ರಸಾದ (ಮಾಸ್‌ನಲ್ಲಿ ಕೊಡೋ ರೊಟ್ಟಿ) ಮಾತ್ರ ಸ್ಕ್ರೀನಿಂದ ಬರಲ್ಲ, ಅದಕ್ಕೆ ಬದಲು ಮನಸ್ಸಲ್ಲೇ ಸ್ವೀಕರಿಸೋ ಒಂದು ಪ್ರಾರ್ಥನೆ ಇದೆ, ಅದನ್ನ ಹೇಳ್ಕೋತಾರೆ. ಹಾಸಿಗೆ ಹಿಡಿದೋರಿದ್ರೆ ಚರ್ಚಿನ ಗುರುಗಳಿಗೆ ತಿಳಿಸಿದ್ರೆ ಮನೆಗೇ ಪರಮಪ್ರಸಾದ ತರ್ತಾರೆ, ಹಾಗಾಗಿ ಲೈವ್ ಒಂದಕ್ಕೇ ತೃಪ್ತಿ ಪಡಬೇಕಾಗಿಲ್ಲ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೇಲಿ ಖಾಲಿ ಸೇಂಟ್ ಪೀಟರ್ಸ್ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥನೆ ಮಾಡಿದ್ದನ್ನ ನೋಡಿದ ನಮ್ಮ ಪಕ್ಕದ್ಮನೆ ಆಂಟಿ ಇವತ್ತಿಗೂ ಅದನ್ನ ಹೇಳ್ತಾರೆ, ಆದ್ರೆ ವಾರವಾರ ಅವರು ತೆಗಿಯೋದು ವ್ಯಾಟಿಕನ್ ಅಲ್ಲ, ತಮ್ಮ ಪ್ಯಾರಿಷ್ಷಿನದ್ದೇ, ಅಂದ್ರೆ ತಮ್ಮ ಬಡಾವಣೆ ಚರ್ಚಿನದ್ದೇ, ಯಾಕಂದ್ರೆ ಕೊನೇಲಿ ಯಾರ ಮನೇಲಿ ಮದುವೆ ಯಾರು ತೀರ್ಕೊಂಡ್ರು ಅಂತ ಅಲ್ಲೇ ಹೇಳೋದು.

ಮುಸ್ಲಿಮರಲ್ಲಿ ಸ್ಕ್ರೀನಲ್ಲಿ ಕಾಣೋ ಇಮಾಮರ ಹಿಂದೆ ನಿಂತು ಜಮಾಅತ್ ನಮಾಜ್ (ಎಲ್ಲರೂ ಒಟ್ಟಿಗೆ ಮಾಡೋ ನಮಾಜ್) ಮಾಡೋದು ಆಗಲ್ಲ ಅಂತಾನೇ ಹೆಚ್ಚಿನ ಉಲೇಮಾಗಳು (ಧರ್ಮವಿದ್ವಾಂಸರು) ಹೇಳಿದ್ದು. 2020ರ ರಂಜಾನಲ್ಲಿ ತರಾವೀಹ್ (ಆ ತಿಂಗಳ ರಾತ್ರಿಯ ವಿಶೇಷ ನಮಾಜ್) ನಮ್ಮ ಕಡೆ ಎಲ್ಲರೂ ಮನೇಲೇ ಮಾಡಿದ್ರು, ಮಕ್ಕಾದಲ್ಲಂತೂ ಅದನ್ನ ಹತ್ತು ರಕಾತಿಗೆ (ನಮಾಜಿನ ಸುತ್ತಿಗೆ) ಇಳಿಸಿದ್ರು. ಹಾಗಾಗಿ ಆನ್‌ಲೈನಲ್ಲಿ ಉಪಯೋಗಕ್ಕೆ ಬರೋದು ಬಯಾನ್ (ಧಾರ್ಮಿಕ ಪ್ರವಚನ), ಕುರಾನ್ ಪಠಣ, ಮತ್ತೆ ಮಕ್ಕಾ ಮದೀನಾದ 24 ಗಂಟೆ ಲೈವ್. ಇನ್ನು ಸಿಖ್ಖರ ಗುರ್ಬಾನಿ ಕೀರ್ತನೆ (ಅವರ ಗುರುಗಳ ಪದಗಳನ್ನ ಹಾಡೋದು), ನೀವು ಸಿಖ್ಖರಲ್ಲದೇ ಇದ್ರೂ ಒಂದ್ಸಲ ಹಾಕಿ ನೋಡಿ. ಅಮೃತಸರದ ಹರಿಮಂದಿರದಿಂದ (ಸ್ವರ್ಣಮಂದಿರ) ಬರತ್ತೆ, 2023ರಿಂದ ಅದನ್ನ ನೋಡ್ಕೊಳ್ಳೋ ಶಿರೋಮಣಿ ಸಮಿತಿಯದ್ದೇ ಯೂಟ್ಯೂಬ್ ಚಾನೆಲ್ ಇದೆ. ಹಾರ್ಮೋನಿಯಂ, ತಬಲಾ, ರಾಗದಲ್ಲೇ ಹಾಡ್ತಾರೆ, ಮಧ್ಯದಲ್ಲಿ ಯಾರೂ ಮೈಕ್ ಹಿಡಿದು ದಾನಿಗಳ ಪಟ್ಟಿ ಓದಲ್ಲ! ಬೆಳಗಿನ ಜಾವ ನಿದ್ದೆ ಬಾರದ ಹೊತ್ತಿಗೆ ನನಗೆ ಗೊತ್ತಿರೋದ್ರಲ್ಲಿ ಅದಕ್ಕಿಂತ ಒಳ್ಳೇದು ಇಲ್ಲ.

ಸಂಗೀತ

ಸಂಗೀತದಲ್ಲಿ ಜನ ಮೊದಲು ಓಡೋದು ಯೂಟ್ಯೂಬಿಗೆ, ನಾನು ಮೊದಲು ಹೇಳೋದು ರೇಡಿಯೋ. ಬೆಂಗಳೂರಲ್ಲಿದ್ರೆ ಆಕಾಶವಾಣಿಯ ಅಮೃತವರ್ಷಿಣಿ, ಎಫ್‌ಎಂ 100.1, ಬರೀ ಶಾಸ್ತ್ರೀಯ ಸಂಗೀತ. ಎಲ್ಲೇ ಇದ್ರೂ ರಾಗಂ ಇದೆ, ಅದೂ ಬೆಂಗಳೂರಿಂದಾನೇ 2016ರ ಜನವರಿ 26ಕ್ಕೆ ಶುರುವಾಗಿದ್ದು, ಹಗಲು ರಾತ್ರಿ ಕರ್ನಾಟಕ ಹಿಂದೂಸ್ತಾನಿ ಎರಡೂ, ನ್ಯೂಸ್ ಆನ್ ಏರ್ ಆ್ಯಪಲ್ಲಿ ಸಿಗತ್ತೆ. ಯಾಕೆ ರೇಡಿಯೋ ಮೊದಲು ಅಂದ್ರೆ, ಒಂದು, ಆರಿಸೋ ಕಷ್ಟ ಇಲ್ಲ, ಯೂಟ್ಯೂಬಲ್ಲಿ ಏನು ಕೇಳೋಣ ಅಂತ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗಿ ಕೊನೆಗೆ ಯಾವುದೋ ಸೀರಿಯಲ್ ತುಣುಕು ನೋಡ್ತಾ ಕೂತಿರ್ತೀವಿ. ಎರಡು, ಕಣ್ಣು ಮುಚ್ಚಿ ಮಲಗಿ ಕೇಳಬಹುದು, ಕಣ್ಣಿನ ಪೊರೆ ಆಪರೇಷನ್ ಆದೋರಿಗೂ ಇದೇ ಸುಲಭ. ಮೂರು, ಡೇಟಾ. ಆಡಿಯೋ 64 ಕೆಬಿಪಿಎಸ್ ಅಂದ್ರೆ ಗಂಟೆಗೆ 29 ಎಂಬಿ ಹತ್ರ, ಅದೇ ಕಛೇರೀನ 480ಪಿ ವಿಡಿಯೋದಲ್ಲಿ ನೋಡಿದ್ರೆ ಅರ್ಧ ಜಿಬಿ ಆಜುಬಾಜು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಲ್ಲಿರೋರಿಗೆ ಇದು ಸಣ್ಣ ವಿಷಯ ಅಲ್ಲ, ಸಂಜೆ ಮೊಮ್ಮಗನ ಜೊತೆ ವಿಡಿಯೋ ಕಾಲಿಗೆ ನೆಟ್ ಉಳಿದಿರಲ್ಲ.

ರೇಡಿಯೋದ ಕೊರತೆ ಏನಂದ್ರೆ ಅದರಲ್ಲಿ ಬರೋದ್ರಲ್ಲಿ ಬಹುಪಾಲು ಸ್ಟುಡಿಯೋ ರೆಕಾರ್ಡಿಂಗು, ಕಛೇರಿಯ ಗಲಾಟೆ ಇರಲ್ಲ, ಕಲಾವಿದರು ಕೆಮ್ಮೋದು, ಶ್ರುತಿ ಸರಿ ಮಾಡ್ಕೊಳ್ಳೋದು, ಪಿಟೀಲಿನೋರು ಒಂದು ಒಳ್ಳೇ ಉತ್ತರ ಕೊಟ್ಟಾಗ ಹಾಡ್ತಿರೋರೇ ‘ಭೇಷ್’ ಅನ್ನೋದು, ಇದೆಲ್ಲ ಬೇಕು ಅಂದ್ರೆ ಲೈವ್ ವಿಡಿಯೋನೇ ಬೇಕು. ಇಲ್ಲಿ ಒಂದು ಸಂಗತಿ ಗಮನಿಸಿ, ಯೂಟ್ಯೂಬಲ್ಲಿ ‘ಪ್ರೀಮಿಯರ್’ ಅಂತ ಬರೋದು ಲೈವ್ ಅಲ್ಲ, ಮುಂಚೆ ರೆಕಾರ್ಡ್ ಮಾಡಿದ್ದನ್ನ ಒಂದು ಟೈಮಿಗೆ ಬಿಡ್ತಾರೆ ಅಷ್ಟೇ. ಲಾಕ್‌ಡೌನಲ್ಲಿ ಹತ್ತು ಚೌಕದಲ್ಲಿ ಹತ್ತು ಜನ ಒಟ್ಟಿಗೆ ಹಾಡ್ತಿರೋ ವಿಡಿಯೋಗಳು ಬಂದ್ವಲ್ಲ, ಅವೂ ಲೈವ್ ಅಲ್ಲ, ಒಬ್ಬೊಬ್ಬರೂ ಬೇರೆ ಬೇರೆ ರೆಕಾರ್ಡ್ ಮಾಡಿ ಕಳಿಸಿದ್ದನ್ನ ಯಾರೋ ಕೂತು ಹೊಲಿದಿರೋದು. 2020ರ ಡಿಸೆಂಬರಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ತನ್ನ ಸೀಸನ್ನನ್ನೇ (ವರ್ಷದ ಸಂಗೀತೋತ್ಸವ) 24ರಿಂದ 31ರವರೆಗೆ ಆನ್‌ಲೈನ್ ಮಾಡ್ತು, ಅಲ್ಲಿನ ಹಲವು ಸಂಗೀತ ಸಭಾಗಳು ಕೂಡಿ ಕಲಾಕೇಂದ್ರ ಅನ್ನೋ ತಾಣದಲ್ಲಿ ಮಾರ್ಗಳಿ (ಡಿಸೆಂಬರ್-ಜನವರಿಯ ತಮಿಳು ತಿಂಗಳು) ಕಛೇರಿಗಳನ್ನ ಟಿಕೆಟ್ ಇಟ್ಟು ಬಿಟ್ವು. ಕ್ಯಾಂಟೀನಿನ ಕಾಫಿ ಒಂದು ಇರ್ಲಿಲ್ಲ, ಆದ್ರೆ ಚೆನ್ನೈಗೆ ಯಾವತ್ತೂ ಹೋಗದ ಶಿವಮೊಗ್ಗ ಹಾಸನದೋರೆಲ್ಲ ಮೊದಲ ಸಲ ಸೀಸನ್ ಕೇಳಿದ್ರು.

ಬಿಟ್ಟಿಗೂ ದುಡ್ಡಿಗೂ ಹೋಲಿಸೋಣ. ಬಿಟ್ಟಿ ಯೂಟ್ಯೂಬಲ್ಲಿ ಸರಕು ಸಮುದ್ರದಷ್ಟಿದೆ, ಬೆಂಗಳೂರಿನ ಸಭಾಗಳದ್ದು, ಇಂಗ್ಲೆಂಡಿನ ದರ್ಬಾರ್ ಉತ್ಸವದ್ದು (2006ರಿಂದ ನಡೀತಿದೆ, ಹಿಂದೂಸ್ತಾನಿ ಇಷ್ಟ ಇರೋರಿಗೆ ಇದೊಂದೇ ವರ್ಷಕ್ಕೆ ಸಾಕು, ಸೌಂಡ್ ಅಷ್ಟು ಚೆನ್ನಾಗಿದೆ), ಪುಷ್ಯ ಬಹುಳ ಪಂಚಮಿಗೆ ತಿರುವಯ್ಯಾರಿನ ತ್ಯಾಗರಾಜರ ಆರಾಧನೆ, ಅದರಲ್ಲೂ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಪಂಚರತ್ನ ಕೃತಿಗಳನ್ನ ಎಲ್ಲಾ ವಿದ್ವಾಂಸರೂ ನೆಲದಲ್ಲಿ ಕೂತು ಒಟ್ಟಿಗೆ ಹಾಡೋದು, ಅದು ಪೂಜೆಯೋ ಕಛೇರಿಯೋ ಅಂತ ಕೇಳಿದ್ರೆ ಎರಡೂ ಅನ್ಬೇಕು, ಮನೇಲಿ ಪುಸ್ತಕ ಹಿಡ್ಕೊಂಡು ನೀವೂ ಜೊತೇಲಿ ಹಾಡಬಹುದು, ಆ ಕಡೆಯೋರಿಗೆ ನಿಮ್ಮ ಅಪಸ್ವರ ಕೇಳಲ್ಲ. ಬಿಟ್ಟಿಯ ದೊಡ್ಡ ಶಾಪ ಜಾಹೀರಾತು. ತೋಡಿ ರಾಗದ ಆಲಾಪನೆ ಈಗಷ್ಟೇ ಮೇಲಿನ ಷಡ್ಜಕ್ಕೆ ಹೋಗ್ತಿದೆ ಅನ್ನುವಾಗ ಸಾಲದ ಆ್ಯಪಿನ ಹುಡುಗ ಬಂದು ಕಿರುಚ್ತಾನೆ. ಫೋನ್ ಲಾಕ್ ಮಾಡಿದ್ರೆ ಹಾಡೂ ನಿಂತೋಗತ್ತೆ. ದಿನಾ ಎರಡು ಮೂರು ಗಂಟೆ ಕೇಳೋ ರೋಗಿ ಮನೇಲಿದ್ರೆ ಯೂಟ್ಯೂಬ್ ಪ್ರೀಮಿಯಂ ತಗೊಳ್ಳೋದು ದುಂದುಗಾರಿಕೆ ಅಲ್ಲ, ನಾನಂತೂ ಮೊದಲು ಅದನ್ನೇ ಮಾಡಿಸ್ತೀನಿ.

ದುಡ್ಡು ಕೊಟ್ಟು ಕೇಳೋ ಕಡೆ ಅಂದ್ರೆ ನಮ್ಮ ಬೆಂಗಳೂರಿನ ‘ಶಾಲೆ’ ಅನ್ನೋ ತಾಣ, ಮುಂಬೈನ ಫಸ್ಟ್ ಎಡಿಷನ್ ಆರ್ಟ್ಸ್, ದರ್ಬಾರಿನದ್ದೇ ಚಂದಾ ಇರೋ ಪ್ಲೇಯರ್, ಇಂಥವು. ಜಾಹೀರಾತಿಲ್ಲ, ಮೈಕ್ ವ್ಯವಸ್ಥೆ ಚೆನ್ನಾಗಿರತ್ತೆ, ಮುಖ್ಯವಾಗಿ ದುಡ್ಡು ಕೊಟ್ಟಿದೀವಿ ಅಂತ ಪೂರ್ತಿ ಕೂತು ಕೇಳ್ತೀವಿ! ಇದು ತಮಾಷೆ ಅಲ್ಲ. ಬಿಟ್ಟಿ ಕಛೇರೀನ ಶುರುವಿನ ವರ್ಣ ಮುಗಿಯೋದ್ರೊಳಗೆ ಬಿಟ್ಟು ಎದ್ದು ಹೋಗೋರು ಟಿಕೆಟ್ ತಗೊಂಡಿದ್ರೆ ತನಿ ಆವರ್ತನೆ (ಮೃದಂಗದೋರೇ ನುಡಿಸೋ ಭಾಗ) ಮುಗಿದು ಮಂಗಳ ಹಾಡೋವರೆಗೂ ಅಲ್ಲಾಡಲ್ಲ. ಮನೇಲಿ ಬಂಧಿಯಾಗಿರೋರಿಗೆ ‘ಇವತ್ತು ಸಂಜೆ ಆರಕ್ಕೆ ನನಗೆ ಕಛೇರಿ ಇದೆ’ ಅನ್ನೋ ಭಾವನೆ ಬೇಕು, ಅದು ಟಿಕೆಟ್ಟಿಂದ ಬರತ್ತೆ. ತಿಂಗಳಿಗೊಂದು ಸಾಕು. ಕಲಾವಿದರು ಚೌಲ್ಟ್ರಿ ಕಛೇರಿ ಮದುವೆ ಕಛೇರಿ ಎರಡೂ ಇಲ್ಲದೇ 2020, 2021ರಲ್ಲಿ ಎಷ್ಟು ಒದ್ದಾಡಿದ್ರು ಅಂತ ನೋಡಿದೀವಿ, ಪಕ್ಕವಾದ್ಯದೋರಂತೂ ಕೇಳ್ಲೇಬೇಡಿ. ನೇರವಾಗಿ ಕೊಡೋಕೆ ದಾರಿ ಇದ್ರೆ, ವಿಡಿಯೋ ಕೆಳಗೆ ಅವರದ್ದೇ ಯುಪಿಐ ಇದ್ರೆ, ಅದೇ ಮೇಲು, ಯೂಟ್ಯೂಬಿನ ಸೂಪರ್ ಚಾಟಲ್ಲಿ (ಲೈವ್ ನೋಡ್ತಾ ದುಡ್ಡು ಕಳಿಸೋ ವ್ಯವಸ್ಥೆ) ಹಾಕಿದ್ರೆ ನೂರಕ್ಕೆ ಮೂವತ್ತು ಯೂಟ್ಯೂಬಿಗೇ ಹೋಗತ್ತೆ.

ಕರಾವಳಿಯೋರು ಇಷ್ಟು ಹೊತ್ತು ‘ಯಕ್ಷಗಾನ ಎಲ್ಲಿ ಮಾರಾಯ್ರೆ’ ಅಂತ ಕಾಯ್ತಿರ್ತಾರೆ. ಧರ್ಮಸ್ಥಳ, ಕಟೀಲು ಮೇಳದ ಆಟ ಅಂದ್ರೆ ಅದು ಹರಕೆ ಸೇವೆ, ಚೌಕಿ ಪೂಜೆ (ಬಣ್ಣ ಹಚ್ಚೋ ಜಾಗದಲ್ಲಿ ಮಾಡೋ ಪೂಜೆ) ಆಗದೇ ಶುರುವಾಗಲ್ಲ, ಅಂದ್ರೆ ಪೂಜೆನೂ ಹೌದು ಹಿಮ್ಮೇಳದ ಲೈವ್ ಸಂಗೀತಾನೂ ಹೌದು. ದೀಪಾವಳಿ ಆದ್ಮೇಲೆ ಹೊರಟು ಮೇ ತಿಂಗಳ ಪತ್ತನಾಜೆವರೆಗೆ (ತುಳುನಾಡಲ್ಲಿ ಆಟಗಳು ನಿಲ್ಲೋ ದಿನ) ತಿರುಗಾಟ, 2020ರಲ್ಲಿ ಅದು ಮಾರ್ಚಲ್ಲೇ ನಿಂತೋಯ್ತು. ಈಗ ಎಷ್ಟೋ ಆಟಗಳು ಯೂಟ್ಯೂಬಲ್ಲಿ ಲೈವ್ ಬರತ್ತೆ, ಸಂಜೆ ಶುರುವಾಗಿದ್ದನ್ನ ಮುಂಬೈಯಲ್ಲೋ ಮಸ್ಕತ್‌ನಲ್ಲೋ ಕೂತು ನೋಡಬಹುದು. ಆದ್ರೆ ಒಂದೇ ಕ್ಯಾಮೆರಾದಲ್ಲಿ ದೂರದಿಂದ ತೆಗೆದ ಬಯಲಾಟ ಆರು ಇಂಚಿನ ಫೋನಲ್ಲಿ ಇರುವೆ ಕುಣಿದ ಹಾಗೆ ಕಾಣತ್ತೆ, ಚೆಂಡೆ ಬಂದಾಗ ಸ್ಪೀಕರ್ ಒಡೆದ ಸದ್ದು. ಟಿವಿಗೆ ಹಾಕಿ ನೋಡೋದಾದ್ರೆ ಆಟ, ಫೋನಲ್ಲೇ ಆದ್ರೆ ತಾಳಮದ್ದಳೆ. ಆನ್‌ಲೈನಿಗೆ ಅಂತಾನೇ ಮಾಡಿಟ್ಟ ಹಾಗಿರೋ ಕಲೆ ಅಂದ್ರೆ ತಾಳಮದ್ದಳೆ, ವೇಷ ಇಲ್ಲ ಕುಣಿತ ಇಲ್ಲ, ಭಾಗವತರ ಪದ, ಮದ್ದಳೆ, ಆಮೇಲೆ ಅರ್ಥಧಾರಿಗಳ (ಪಾತ್ರದ ಮಾತಾಡೋರ) ಮಾತಿನ ಜಟಾಪಟಿ. ಕರ್ಣಾರ್ಜುನ ಕಾಳಗದಲ್ಲಿ ಇಬ್ಬರು ಒಳ್ಳೇ ಅರ್ಥಧಾರಿಗಳು ಸಿಕ್ಕಿದ್ರೆ ಮೂರು ಗಂಟೆ ಹೇಗೆ ಹೋಯ್ತು ಗೊತ್ತಾಗಲ್ಲ, ನೆಟ್ ನಿಧಾನ ಆಗಿ ಚಿತ್ರ ನಿಂತ್ರೂ ಮಾತು ಬರ್ತಾ ಇದ್ರೆ ಸಾಕು. ಮಾತಾಡೋಕೆ ಯಾರೂ ಇಲ್ಲದ ಮನೇಲಿ ಇರೋರಿಗೆ ಬರೀ ಹಾಡಿಗಿಂತ ಈ ವಾದ ಪ್ರತಿವಾದ ಕೇಳೋದು ಹಿತ, ನಮ್ಮ ದೊಡ್ಡಪ್ಪ ಅಂತೂ ಫೋನಿಗೇ ತಿರುಗಿ ಉತ್ತರ ಕೊಡ್ತಾರೆ.

ಜೂಮ್ ಭಜನೆ, ಪಾರಾಯಣ

ನೀವು ಬರದಿದ್ರೆ ಯಾರಿಗಾದ್ರೂ ಗೊತ್ತಾಗತ್ತಾ ಅಂತ ಮೊದಲು ಕೇಳಿದ್ನಲ್ಲ, ಅದಕ್ಕೆ ಹೌದು ಅನ್ನೋದು ಇಲ್ಲೇ. ಲಲಿತಾ ಸಹಸ್ರನಾಮ, ವಿಷ್ಣು ಸಹಸ್ರನಾಮ, ದಾಸರ ಪದ, ವಚನ ಗಾಯನ, ಸುಂದರಕಾಂಡ ಪಾರಾಯಣ, ಎಷ್ಟೋ ಮಂಡಳಿಗಳು ಲಾಕ್‌ಡೌನಲ್ಲಿ ಜೂಮಿಗೆ ಬಂದವು ಇವತ್ತಿಗೂ ಅಲ್ಲೇ ಇವೆ, ಯಾಕಂದ್ರೆ ಸದಸ್ಯರಲ್ಲಿ ಅರ್ಧ ಜನ ಮಕ್ಕಳ ಮನೆ ಅಂತ ಊರೂರು ಚದುರಿ ಹೋಗಿದಾರೆ. ಸೌಂಡಿನ ವಿಷಯದಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದು, ಒಪ್ಕೋತೀನಿ. ಎದುರು ಬದುರು ಕೂತಾಗ ನನ್ನ ಧ್ವನಿ ನಿಮಗೆ ಕೆಲವೇ ಮಿಲಿಸೆಕೆಂಡಲ್ಲಿ ತಲುಪತ್ತೆ, ಜೂಮಲ್ಲಿ ನೂರು ದಾಟತ್ತೆ, ಹಾಗಾಗಿ ತಾಳ ಕೂಡಲ್ಲ, ಎಲ್ಲರೂ ಒಟ್ಟಿಗೆ ‘ಗೋವಿಂದಾ’ ಅಂದ್ರೆ ಇಪ್ಪತ್ತು ಮನೆಯಿಂದ ಇಪ್ಪತ್ತು ಹೊತ್ತಿಗೆ ಬರತ್ತೆ. ಒಬ್ಬರು ಹಾಡ್ಬೇಕು, ಮಿಕ್ಕೋರು ಮ್ಯೂಟಲ್ಲಿ ಇದ್ದು ಮನೇಲಿ ಜೊತೆಗೂಡ್ಬೇಕು, ಸರದಿ ಮೇಲೆ ಒಬ್ಬೊಬ್ಬರಿಗೆ ಒಂದು ಪದ, ಈ ಒಂದು ನಿಯಮ ಇರೋ ಗುಂಪನ್ನ ಆರಿಸಿ, ಇಲ್ಲದಿದ್ದನ್ನ ಬಿಡಿ. ಹಾಡೋರು ಸೆಟ್ಟಿಂಗಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡ್ಕೋಬೇಕು, ಇಲ್ಲಾಂದ್ರೆ ಜೂಮು ತಂಬೂರಿ ಶ್ರುತೀನ ಫ್ಯಾನ್ ಸದ್ದು ಅಂತ ತಿಳ್ಕೊಂಡು ಅಳಿಸಿ ಹಾಕತ್ತೆ, ಶ್ರುತಿ ಪೆಟ್ಟಿಗೆ ಇಟ್ಟೂ ಇಲ್ಲದ ಹಾಗೆ. ಬಿಟ್ಟಿ ಜೂಮು 40 ನಿಮಿಷಕ್ಕೆ ಕಟ್ ಆಗತ್ತೆ, ಗೂಗಲ್ ಮೀಟ್ ಗುಂಪಿಗೆ ಒಂದು ಗಂಟೆ ಕೊಡತ್ತೆ, ಸಹಸ್ರನಾಮಕ್ಕೆ ಎರಡೂ ಸಾಕು, ಸಪ್ತಾಹಕ್ಕೆ ಸಾಲಲ್ಲ.

ಗುಂಪು ಎಷ್ಟು ದೊಡ್ಡದಿರ್ಬೇಕು? ಸ್ಕ್ರೀನಲ್ಲಿ ಒಂದೇ ಪುಟದಲ್ಲಿ ಎಲ್ಲರ ಮುಖ ಕಾಣೋಷ್ಟು. ಐನೂರು ಜನರ ಪಾರಾಯಣಕ್ಕೆ ಸೇರೋದೂ ಟಿವಿ ನೋಡೋದೂ ಒಂದೇ. ಮುಗಿದ ಮೇಲೆ ಹತ್ತು ನಿಮಿಷ ಮಾತಾಡೋ ಗುಂಪು ಸಿಕ್ಕಿದ್ರೆ ಬಿಡ್ಬೇಡಿ, ‘ಇವತ್ತು ಏನು ಹುಳಿ ಮಾಡಿದ್ರಿ’ ಅನ್ನೋ ಆ ಹತ್ತು ನಿಮಿಷಕ್ಕೇ ನಮ್ಮ ಚಿಕ್ಕಮ್ಮ ಅಷ್ಟೂ ಹೊತ್ತು ಸಹಸ್ರನಾಮ ಹೇಳೋದು ಅಂತ ನನಗೆ ಗುಮಾನಿ.

ಅದೂ ಸಿಗ್ಲಿಲ್ಲ ಅಂದ್ರೆ ಪಕ್ಕದ ಬೀದೀಲಿ ಸಂಗೀತ ಕಲಿಯೋ ಮಗು ಯಾವುದಾದ್ರೂ ಇರತ್ತೆ, ವಾರಕ್ಕೊಂದ್ಸಲ ಹೊಸದಾಗಿ ಪಾಠ ಆಗಿರೋ ದೇವರನಾಮ ಫೋನಲ್ಲಿ ಹಾಡಿ ಒಪ್ಪಿಸು ಅನ್ನಿ. ಆ ಮಗುಗೂ ಅಭ್ಯಾಸ, ಕೇಳೋರಿಗೆ ಅವರ ಹೆಸರು ಹಿಡಿದು ಕರೆಯೋ ಒಂದು ಕಛೇರಿ. ಪ್ರಸಿದ್ಧ ವಿದ್ವಾಂಸರ ಲೈವ್‌ಗಿಂತ ಇದನ್ನ ಮೇಲಿಡ್ತೀನಾ ಅಂದ್ರೆ, ಹೌದು, ಇಡ್ತೀನಿ.

ಸಾಮಾನಿನ ವಿಷಯ, ಬೇಗ ಮುಗಿಸ್ತೀನಿ

ಫೋನಿನ ಸ್ಪೀಕರಲ್ಲಿ ಕಛೇರಿ ಕೇಳ್ಬೇಡಿ. ಮೃದಂಗದ ಎಡಗಡೆ ಮಂದ್ರ ಸದ್ದು ಅದರಲ್ಲಿ ಬರೋದೇ ಇಲ್ಲ, ಬರೀ ಟಕ್ ಟಕ್ ಕೇಳತ್ತೆ. ಸಾಧಾರಣ ವೈರಿನ ಇಯರ್‌ಫೋನ್ ಆದ್ರೂ ಸಾಕು, ಹಿಯರಿಂಗ್ ಏಡ್ ಹಾಕೋರಿಗೆ ಬ್ಲೂಟೂತ್ ಸ್ಪೀಕರ್ ಹತ್ತಿರ ಇಡಿ. ದೇವಸ್ಥಾನದ ಲೈವ್ ಅರ್ಧ ನಿಮಿಷ ಹಿಂದೆ ಬರತ್ತೆ, ಟಿವೀಲೂ ಫೋನಲ್ಲೂ ಎರಡೂ ಹಾಕಿದ್ರೆ ಎರಡು ಸಲ ಮಂಗಳಾರತಿ, ಗಾಬರಿ ಬೇಡ. ಲೈವ್ ಮಧ್ಯ ಸೌಂಡ್ ಹೋದ್ರೆ ನಿಮ್ಮ ಫೋನ್ ಕೆಟ್ಟಿದೆ ಅಂತ ಅಂದ್ಕೋಬೇಡಿ, ಗುಡೀಲಿ ಯಾವುದೋ ಕ್ಯಾಸೆಟ್ ಕಂಪನಿಯ ಸುಪ್ರಭಾತ ಹಾಕಿರ್ತಾರೆ, ಹಕ್ಕುಸ್ವಾಮ್ಯ ಅಂತ ಫೇಸ್‌ಬುಕ್ಕೇ ಮ್ಯೂಟ್ ಮಾಡಿರತ್ತೆ. ಬೆಳಗ್ಗೆ ಏಳೋಕಾಗದೇ ತಪ್ಪಿಹೋದ್ರೂ ಚಿಂತೆ ಇಲ್ಲ, 12 ಗಂಟೆಗಿಂತ ಚಿಕ್ಕ ಲೈವನ್ನ ಯೂಟ್ಯೂಬ್ ತಾನೇ ಉಳಿಸಿಡತ್ತೆ, ಆಮೇಲೆ ನೋಡಬಹುದು.

ಬೇರೆಯೋರಿಗೆ ಸೆಟ್ ಮಾಡಿ ಕೊಡ್ತಿರೋರಿಗೆ: ಐವತ್ತು ಲಿಂಕು ವಾಟ್ಸಾಪಲ್ಲಿ ಕಳಿಸ್ಬೇಡಿ, ಒಂದನ್ನೂ ತೆಗೆಯಲ್ಲ. ದಿನಕ್ಕೊಂದು ದರ್ಶನ, ಒಂದು ರೇಡಿಯೋ, ವಾರಕ್ಕೊಂದು ಗುಂಪು, ತಿಂಗಳಿಗೊಂದು ಟಿಕೆಟ್ ಕಛೇರಿ, ಇಷ್ಟನ್ನ ದಪ್ಪ ಅಕ್ಷರದಲ್ಲಿ ಚಾನೆಲ್ ನಂಬರ್ ಸಮೇತ ಒಂದು ಹಾಳೇಲಿ ಬರೆದು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿ. ಆಮೇಲೆ ಯೂಟ್ಯೂಬಲ್ಲಿ ಆಟೋಪ್ಲೇ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಮಂಗಳಾರತಿ ಮುಗಿದ ಮರುಕ್ಷಣ ಯಾರೋ ಜ್ಯೋತಿಷಿ ಬಂದು ನಿಮ್ಮ ರಾಶಿಗೆ ಈ ವಾರ ಗಂಡಾಂತರ ಅಂತ ಶುರು ಮಾಡ್ತಾನೆ, ಏಳಕ್ಕಾಗದೇ ಮಲಗಿರೋರು ಅದನ್ನ ಪೂರ್ತಿ ಕೇಳ್ಬೇಕಾಗತ್ತೆ.